ಟ್ರೇಲರಿನಲ್ಲಿ ನಿಂತ ಒಂಬತ್ತು ಜನ: 1980ರಲ್ಲಿ ಇವರೆಲ್ಲ ಯಾಕೆ ಹೊರಟಿದ್ದರು?

ತೊಗರಿ ಹೊಲ:
ಹೋದ ವಾರ ಹಳೆಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಕಂದಾಯದ ರಸೀದಿ, ಗೆದ್ದಲು ತಿಂದ ಪಂಚಾಂಗ, ಸೊಸೈಟಿಯ ಪಾಸ್ ಪುಸ್ತಕ, ಇವುಗಳ ನಡುವೆ ಒಂದು ಫೋಟೊ. ಟ್ರಾಕ್ಟರಿನ ಟ್ರೇಲರ್ ಮೇಲೆ ಒಂಬತ್ತು ಜನ ನಿಂತಿದ್ದಾರೆ. ಎಲ್ಲರ ಹೆಗಲ ಮೇಲೂ ಹಸಿರು ಟವೆಲ್. ನಡುವೆ ಮೀಸೆಯ ಮೇಲೆ ಕೈ ಇಟ್ಟುಕೊಂಡು ನಿಂತವರು ನಮ್ಮಜ್ಜ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ‘1980 ಶ್ರಾವಣ, ನರಗುಂದದ ಸಲುವಾಗಿ ದಾವಣಗೆರೆಗೆ’ ಎಂದು ಬರೆದಿದೆ.

ನನ್ನ ಗೊಂದಲ ಇಲ್ಲಿಂದ ಶುರು. ನಮ್ಮದು ಆನಗೋಡು ಕಡೆಯ ಹಳ್ಳಿ, ಮಳೆ ನಂಬಿದ ಬೇಸಾಯ, ಊರಿಗೆ ಭದ್ರಾ ನಾಲೆಯೇ ಬಂದಿಲ್ಲ. ನರಗುಂದದಲ್ಲಿ ಜಗಳ ನಡೆದದ್ದು ಕಾಲುವೆ ನೀರಿನ ಕರಕ್ಕಾಗಿ ಎಂದು ಓದಿದ್ದೇನೆ. ಕಾಲುವೆಯನ್ನೇ ಕಾಣದ ಅಜ್ಜ ಕಾಲುವೆ ಕರದ ವಿರುದ್ಧ ಯಾಕೆ ಹೊರಟರು? ಅಜ್ಜಿಗೆ ಫೋಟೊ ತೋರಿಸಿದೆ. ಐದು ಜನರನ್ನು ಗುರುತಿಸಿದರು: ಅಜ್ಜ, ಟ್ರಾಕ್ಟರಿನ ಒಡೆಯರಾದ ಊರ ಗೌಡರು, ಅವರ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬರು, ದಲಾಲಿ ಅಂಗಡಿಯ ಗುಮಾಸ್ತ, ಹತ್ತಿ ಗಿರಣಿಯಲ್ಲಿದ್ದ ಅಜ್ಜಿಯ ತಮ್ಮ. ಗೌಡರೂ ಆಳೂ ಗುಮಾಸ್ತನೂ ಒಂದೇ ಟ್ರೇಲರಿನಲ್ಲಿ! ಇವರಿಗೆಲ್ಲ ಒಂದೇ ಸಿಟ್ಟು ಇದ್ದೀತೇ? ಗೊತ್ತಿದ್ದವರು ಹೇಳಿ.

ಕೋಟೆ ಕಲ್ಲು:
ಅಣ್ಣ, ಒಂದು ಸಣ್ಣ ಅನುಮಾನ. 1980ರ ಫೋಟೊ ಬಣ್ಣದ್ದೇ?

ತೊಗರಿ ಹೊಲ:
ಅಲ್ಲ, ಕಪ್ಪು ಬಿಳುಪು.

ಕೋಟೆ ಕಲ್ಲು:
ಹಾಗಾದರೆ ಟವೆಲ್ ಹಸಿರು ಎಂದು ಯಾರು ಹೇಳಿದರು?

ತೊಗರಿ ಹೊಲ:
ಸಿಕ್ಕಿಬಿದ್ದೆ. ಅಜ್ಜನನ್ನು ನಾನು ಯಾವಾಗಲೂ ಹಸಿರು ಟವೆಲಿನಲ್ಲೇ ನೋಡಿದ್ದು. ಕಣ್ಣು ತಾನೇ ಬಣ್ಣ ಬಳಿದುಬಿಟ್ಟಿದೆ.

ನಿವೃತ್ತ ಮೇಷ್ಟ್ರು:
ಕೋಟೆಯವರೇ, ಕೊಕ್ಕೆ ಚೆನ್ನಾಗಿದೆ, ಆದರೆ ಹುಡುಗನ ಪ್ರಶ್ನೆ ಅದಕ್ಕಿಂತ ದೊಡ್ಡದು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನೆನಪಿದ್ದಷ್ಟನ್ನು ಹೇಳುತ್ತೇನೆ.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಎಪ್ಪತ್ತರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರು ಬಂದರೆ ಹೊಲದ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು ಕೊಡಿ ಎಂಬುದು ಬೆಟರ್‌ಮೆಂಟ್ ಲೆವಿಯ ಲೆಕ್ಕ. ಕಾಗದದ ಮೇಲೆ ತಪ್ಪಿಲ್ಲದ ಲೆಕ್ಕ. ಹೊಲದಲ್ಲಿ ಬೇರೆಯೇ ಇತ್ತು. ಕಾಲುವೆ ನಕ್ಷೆಯಲ್ಲಿದ್ದು ನೀರು ತಲುಪದ ಹೊಲಕ್ಕೂ ಬೇಡಿಕೆ ನೋಟಿಸು ಬಂತು. ನೀರು ತಲುಪಿದ ಕಡೆ ಎರೆಭೂಮಿ ಜವುಳಾಗಿ ಕೂತಿತು. ಕರಿ ಮಣ್ಣಿಗೆ ನೀರು ನಿಂತರೆ ಏನಾಗುತ್ತದೆ ಎಂದು ಆ ಕಡೆಯ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಇದರ ಜೊತೆಗೆ ನೀರಾವರಿ ನಂಬಿ ವರಲಕ್ಷ್ಮಿ ಹತ್ತಿ ಹಾಕಿದ್ದರು. ಬೀಜ, ಗೊಬ್ಬರ, ಔಷಧಿ ಎಲ್ಲ ಸಾಲದಲ್ಲಿ ಬಂದದ್ದು. ಹತ್ತಿಯ ಧಾರಣೆ ಬಿತ್ತು.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸರ್ಕಾರಿ ಕಚೇರಿಗಳಿಗೆ ಮುತ್ತಿಗೆ ಹಾಕಿದರು. ಗುಂಡು ಹಾರಿತು. ಚಿಕ್ಕನರಗುಂದದ ಒಬ್ಬ, ಅಳಗವಾಡಿಯ ಒಬ್ಬ, ಇಬ್ಬರು ರೈತರು ಸತ್ತರು. ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಇದನ್ನು ಹುತಾತ್ಮರ ದಿನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. ಸುದ್ದಿ ಹಬ್ಬಿದ ಮೇಲೆ ಅದು ಮಲಪ್ರಭೆಯ ಜಗಳವಾಗಿ ಉಳಿಯಲಿಲ್ಲ. ಒಂದೊಂದು ತಾಲ್ಲೂಕೂ ತನ್ನ ತನ್ನ ಗಂಟನ್ನು ತಂದು ಅದಕ್ಕೆ ಕಟ್ಟಿತು. ಶಿವಮೊಗ್ಗದವರು ಕಬ್ಬಿನ ಬೆಲೆ ತಂದರು, ಭದ್ರಾ ಕಡೆಯವರು ಭತ್ತದ ಲೆವಿ (ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಭತ್ತ) ತಂದರು, ನಮ್ಮ ಬಯಲು ಸೀಮೆಯವರು ಸಾಲದ ಜಪ್ತಿ ತಂದರು. ನಿಮ್ಮಜ್ಜನ ಗಂಟು ಯಾವುದು ಎಂದು ನಿಮ್ಮ ಅಜ್ಜಿಯನ್ನೇ ಕೇಳಿ.

ಆನಗೋಡಿನವ:
ಮೇಷ್ಟ್ರೇ, ನಮಸ್ಕಾರ. ಆ ವರ್ಷವೇ ರಾಜ್ಯ ರೈತ ಸಂಘ ಹುಟ್ಟಿದ್ದು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ನಂಜುಂಡಸ್ವಾಮಿ ಇವರೆಲ್ಲ ಕೂಡಿ ಕಟ್ಟಿದ್ದು. ಹಸಿರು ಟವೆಲ್ ಆಮೇಲೆ ಊರೂರಿಗೆ ಬಂತು. ಒಂಬತ್ತು ಜನರಿಗೆ ಒಂಬತ್ತು ಕಾರಣ ಇದ್ದರೇನಂತೆ? ಎದುರಿಗೆ ಇದ್ದದ್ದು ಒಂದೇ ಸರ್ಕಾರ ತಾನೇ. ಸುಮ್ಮನೆ ಕೂದಲು ಸೀಳುವುದು ಬೇಡ.

ಮಿಲ್ ಕಾಲೋನಿ:
ಕೂದಲು ಸೀಳಲೇಬೇಕು ಅಣ್ಣ, ಯಾಕೆಂದರೆ ಆ ಟ್ರೇಲರಿನಲ್ಲಿದ್ದ ಗಿರಣಿಯವನಂಥವನೇ ನಮ್ಮಪ್ಪ. ಹೊಲದವರಿಗೆ ಜೋಳದ ಧಾರಣೆ ಏರಬೇಕು. ನಮ್ಮಪ್ಪನಿಗೆ ಜೋಳ ಅಗ್ಗವಾಗಬೇಕು, ಅವರಿಗೆ ಇದ್ದದ್ದು ತಿಂಗಳ ಪಗಾರ ಒಂದೇ. ಹೊಲದವರಿಗೆ ಹತ್ತಿಯ ಧಾರಣೆ ಏರಬೇಕು. ಧಾರಣೆ ಏರಿತೆಂದರೆ ಗಿರಣಿಯ ಒಡೆಯರು ‘ಹತ್ತಿ ದುಬಾರಿಯಾಯಿತು, ಈ ಸಲ ಬೋನಸ್ ಇಲ್ಲ’ ಎನ್ನುತ್ತಿದ್ದರು. ಒಬ್ಬನ ಗೆಲುವು ಇನ್ನೊಬ್ಬನ ಸೋಲು, ಆದರೂ ಒಂದೇ ಗಾಡಿ.

ಹಾಗಿದ್ದೂ ನಮ್ಮಪ್ಪ ಮೆರವಣಿಗೆಗೆ ಹೋದದ್ದು ನಿಜ. ಆಗ ದಾವಣಗೆರೆಯ ಶಾಸಕರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿ. 1978, 83, 85 ಹೀಗೆ ಮೂರು ಸಲ ಗೆದ್ದವರು. ಯೂನಿಯನ್ನಿನವರು ಬನ್ನಿ ಎಂದರು, ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿ 77 ದಿನ ಕೂತರು. ನಮ್ಮಪ್ಪನ ಲೆಕ್ಕದಲ್ಲಿ ರೈತರ ಚಳವಳಿ ಎಂದರೆ ಗುಂಡೂರಾವ್ ಸರ್ಕಾರಕ್ಕೆ ಬಿದ್ದ ಮೊದಲ ಪೆಟ್ಟು, ಅಷ್ಟೇ. ರೈತರ ಬೇಡಿಕೆ ಏನು ಎಂದು ಕೇಳಿದ್ದರೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು.

ಬೆಣ್ಣೆ ಖಾಲಿ:
ಹತ್ತಿ ಗಿರಣಿ ಮುಚ್ಚಿದವು, ದೋಸೆ ಅಂಗಡಿ ಉಳಿದವು. ದಾವಣಗೆರೆಯ ಚರಿತ್ರೆ ಮುಗಿಯಿತು.

ಮಿಲ್ ಕಾಲೋನಿ:
ದೋಸೆ ಅಂಗಡಿಗೆ ಬೆಳಿಗ್ಗೆ ಜನ ಬಂದದ್ದೇ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಗಿರಣಿ ಕೆಲಸಗಾರರಿಂದ. ಮರೆಯಬೇಡಿ.

ತುಂಗೆಯ ದಡ:
ನಾನು ಹರಿಹರದವಳು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಫೋಟೊದಲ್ಲಿರುವ ‘ಅವರ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬರು’ ಯಾಕೆ ಹೊರಟರು ಎಂದು ಯಾರಾದರೂ ಕೇಳುತ್ತೀರೇನೋ ಎಂದು ಕಾಯುತ್ತಿದ್ದೆ. ಉಳಿದವರಿಗೆ ಕಸುಬಿನ ಹೆಸರಾದರೂ ಇದೆ. ಅವರಿಗೆ ಅದೂ ಇಲ್ಲ, ‘ಅವರ ಹೊಲದವರು’.

ನಮ್ಮ ತಂದೆಯನ್ನೂ ಹಾಗೆಯೇ ಒಂದು ಸಲ ಲಾರಿ ಹತ್ತಿಸಿದ್ದರು. ಗೌಡರು ಹತ್ತು ಎಂದರು, ಹತ್ತಿದರು. ಜಯದೇವ ಸರ್ಕಲ್‌ನಲ್ಲಿ ಇಳಿದು, ಕೂಗು ಎಂದದ್ದನ್ನು ಕೂಗಿ, ಮಂಡಕ್ಕಿ ತಿಂದು ಬಂದರು. ಆ ದಿನದ ಕೂಲಿ ಸಿಗಲಿಲ್ಲ, ‘ಕೆಲಸ ಮಾಡಿಲ್ಲವಲ್ಲ’ ಎಂದರಂತೆ. ಬೆಳೆಗೆ ವೈಜ್ಞಾನಿಕ ಬೆಲೆ ಬೇಕು ಎಂದು ಕೂಗಿದವರು ಕೂಲಿಗೆ ವೈಜ್ಞಾನಿಕ ಬೆಲೆ ಎಷ್ಟು ಎಂದು ಲೆಕ್ಕ ಹಾಕಲಿಲ್ಲ.

ಆ ಹೊತ್ತಿಗೆ ನಮ್ಮವರದ್ದೂ ಒಂದು ಚಳವಳಿ ಇತ್ತು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ನಮ್ಮ ಹರಿಹರದಲ್ಲೇ. ಎರಡೂ ಒಂದೇ ಸರ್ಕಾರದ ವಿರುದ್ಧ ನಿಂತಿದ್ದವು. ಆದರೆ ಊರಿಗೆ ಹಿಂತಿರುಗಿದರೆ ರೈತ ಸಂಘದ ಮುಖಂಡನೇ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡಿಸುವವನು. ಎದುರಿಗಿದ್ದದ್ದು ಒಂದೇ ಸರ್ಕಾರ ಎಂದಿರಲ್ಲ ಆನಗೋಡಿನ ಅಣ್ಣ, ನಮ್ಮ ಎದುರಿಗೆ ಇಬ್ಬರಿದ್ದರು.

ಆನಗೋಡಿನವ:
ಅಕ್ಕ, ನಿಮ್ಮ ತಂದೆಯವರಿಗೆ ಆದದ್ದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಸಂಘವನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಹಾರ ಬದಲಿಸಿಕೊಂಡು ಮುಗಿಸುವ ಸರಳ ಮದುವೆ, ಅಂತರ್ಜಾತಿ ಮದುವೆ ಮಾಡಿಸಿದ್ದು ಇದೇ ಸಂಘ. ಸಮಾಜವಾದಿ ಲೋಹಿಯಾ ವಿಚಾರ ಓದಿದವರು ಅಲ್ಲಿದ್ದರು.

ತುಂಗೆಯ ದಡ:
ಓದಿದವರು ವೇದಿಕೆಯ ಮೇಲಿದ್ದರು. ಲಾರಿ ಹತ್ತಿಸಿದವರು ಓದಿರಲಿಲ್ಲ. ನಾನು ಹೇಳಿದ್ದು ಲಾರಿಯವರ ಮಾತು.

ಓನಕೆ ಕಿಂಡಿ:
ಅಕ್ಕನ ಮಾತು ಒಪ್ಪುತ್ತೇನೆ. ಇದಕ್ಕೆ ಇನ್ನೊಂದು ಎಳೆಯನ್ನೂ ಸೇರಿಸಬೇಕು, ಯಾರಿಗೂ ಇಷ್ಟವಾಗುವುದಿಲ್ಲ. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಭೂಸುಧಾರಣೆ ತಂದರು, ಉಳುವವನಿಗೆ ಹೊಲ ಹೋಯಿತು. 1975ರ ಹಾವನೂರು ವರದಿಯಲ್ಲಿ ಲಿಂಗಾಯತರು ಹಿಂದುಳಿದವರ ಪಟ್ಟಿಯಿಂದ ಹೊರಗುಳಿದರು. ಅಲ್ಲಿಗೆ ಹಳ್ಳಿಯ ದೊಡ್ಡ ಮನೆಗಳಿಗೆ ಬೆಂಗಳೂರಿನ ಮೇಲೆ ಒಳಗೊಳಗೇ ಕುದಿಯಿತ್ತು. 1980ರಲ್ಲಿ ಲೆವಿ, ಹತ್ತಿ ಎಂಬ ಬಾಗಿಲು ತೆರೆಯಿತು, ಆ ಕುದಿಯೂ ಅದೇ ಬಾಗಿಲಿನಿಂದ ಹೊರಬಂತು. ರೈತ ಎಂಬ ಒಂದು ಪದ ಎಷ್ಟು ಜಾತಿಯ ಸಿಟ್ಟನ್ನು ಹೊತ್ತಿತ್ತು ಎಂದು ಎಣಿಸಿ ನೋಡಿ.

ದಲಾಲಿ ಅಂಗಡಿ:
ಇಗೋ ಬಂತು ಜಾತಿ. ಗುಂಡು ತಿಂದವನ ಜಾತಿ ಕೇಳುವವರು ಹುಟ್ಟಿಕೊಂಡರಲ್ಲ, ನಾಚಿಕೆಯಾಗಬೇಕು.

ಓನಕೆ ಕಿಂಡಿ:
ಸತ್ತವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಮುಂದೆ ನಿಂತು ಮೈಕ್ ಹಿಡಿದವರ ಬಗ್ಗೆ ಹೇಳಿದೆ. ಇನ್ನೊಮ್ಮೆ ಓದಿ.

ನಿವೃತ್ತ ಮೇಷ್ಟ್ರು:
ಇಬ್ಬರೂ ತಾಳಿ. ಜಾತಿಯ ಎಳೆ ಇತ್ತು, ಸುಳ್ಳಲ್ಲ. ಆದರೆ ಅದೇ ಎಲ್ಲವೂ ಎಂದರೆ ಜವುಳು ಹಿಡಿದ ಎರೆ ಹೊಲ ಎಲ್ಲಿ ಹೋಗಬೇಕು? ದೊಡ್ಡ ಹಿಡುವಳಿದಾರನಿಗೂ ನಾಲ್ಕು ಎಕರೆಯವನಿಗೂ ಒಂದೇ ನಮೂನೆಯ ನೋಟಿಸು ಬಂದಿತ್ತು. ನೋಟಿಸಿನಲ್ಲಿ ಜಾತಿಯ ಕಾಲಂ ಇರಲಿಲ್ಲ.

ದಲಾಲಿ ಅಂಗಡಿ:
ಗುಮಾಸ್ತನ ಬಗ್ಗೆ ನಾನು ಹೇಳುತ್ತೇನೆ, ಮೂರು ತಲೆಮಾರಿನಿಂದ ನಮ್ಮದು ಅದೇ ಕಸುಬು. ರೈತ ಬೆಲೆ ಬಿದ್ದದ್ದಕ್ಕೆ ದಲಾಲಿಯನ್ನು ಬೈಯುತ್ತಾನೆ. ದಲಾಲಿಯೇ ಅವನಿಗೆ ಬಿತ್ತನೆಗೆ ಸಾಲ ಕೊಟ್ಟವನು. ಬೆಲೆ ಬಿದ್ದರೆ ಸಾಲ ಹಿಂದಿರುಗುವುದಿಲ್ಲ, ದಲಾಲಿಯೂ ಮುಳುಗುತ್ತಾನೆ. ಅದಕ್ಕೇ ಗುಮಾಸ್ತನನ್ನು ಮೆರವಣಿಗೆಗೆ ಕಳಿಸುತ್ತಿದ್ದರು. ಸಿಟ್ಟು ಅಂಗಡಿಯ ಕಡೆ ತಿರುಗದೆ ಸರ್ಕಾರಿ ಕಚೇರಿಯ ಕಡೆಗೇ ಹೋಗಲಿ ಎಂಬ ಉಪಾಯವೂ ಇತ್ತು. ಮೆರವಣಿಗೆಗೆ ಬಾಳೆಹಣ್ಣು, ಮಜ್ಜಿಗೆ ಎಲ್ಲ ಮಂಡಿಪೇಟೆಯಿಂದಲೇ ಹೋಗುತ್ತಿತ್ತು ಎಂದು ನಮ್ಮ ತಾತ ಹೇಳಿ ನಗುತ್ತಿದ್ದರು.

ಕೋಟೆ ಕಲ್ಲು:
ಇಷ್ಟು ಪ್ರಾಮಾಣಿಕ ದಲಾಲಿಯನ್ನು ನಾನು ಇದೇ ಮೊದಲು ನೋಡಿದ್ದು.

ಭದ್ರಾ ಕೊನೆಭಾಗ:
1983ರ ಚುನಾವಣೆಯ ಮಾತು ಯಾರೂ ಎತ್ತಲಿಲ್ಲ. ಲಾಭ ಯಾರಿಗಾಯಿತು ನೋಡಿ. ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರೈತರ ಸಿಟ್ಟು, ಕಾರ್ಮಿಕರ ಸಿಟ್ಟು, ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಬೀದಿಗಿಳಿದಾಗ ಸೇರಿದ ಜನ, ಎಲ್ಲ ಕೂಡಿ ಒಂದು ಸರ್ಕಾರವನ್ನು ಇಳಿಸಿದವು. ಏರಿದವರಲ್ಲಿ ಟ್ರೇಲರಿನವರು ಒಬ್ಬರೂ ಇಲ್ಲ.

ಬಂಗಾರಪ್ಪನವರದ್ದು ಇನ್ನೂ ಸ್ವಾರಸ್ಯ. ಗುಂಡೂರಾವ್ ಜೊತೆ ಮುನಿಸಿಕೊಂಡು ಹೊರಬಂದು ಕ್ರಾಂತಿರಂಗ ಪಕ್ಷದ ಮುಂದಾಳಾಗಿ ಜನತಾ ಜೊತೆ ನಿಂತು ಆ ಚುನಾವಣೆ ಮಾಡಿದರು. ರೈತರ ಸಿಟ್ಟಿನ ಗಾಳಿ ಅವರ ಹಾಯಿಗೂ ಬಿತ್ತು. 1992ರ ಸೆಪ್ಟೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ಆನಗೋಡಿನ ಹತ್ತಿರ ರೈತರ ಮೇಲೆ ಗುಂಡು ಹಾರಿದಾಗ ಮುಖ್ಯಮಂತ್ರಿ ಯಾರು? ಅವರೇ.

ಓನಕೆ ಕಿಂಡಿ:
ತಿದ್ದುಪಡಿ: 1992ರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕು. ಜಿಲ್ಲೆಯಾದದ್ದು 1997ರಲ್ಲಿ, ಜೆ.ಎಚ್. ಪಟೇಲರ ಕಾಲದಲ್ಲಿ.

ಬೆಣ್ಣೆ ಖಾಲಿ:
ದುರ್ಗದವರು ಇದನ್ನು ಸಾಯುವ ತನಕ ಬಿಡುವುದಿಲ್ಲ.

ಓನಕೆ ಕಿಂಡಿ:
ಬಿಡುವುದಿಲ್ಲ.

ಆನಗೋಡಿನವ:
ಆ ದಿನ ನಾನು ಏಳನೇ ತರಗತಿ. ಸತ್ತ ಇಬ್ಬರಲ್ಲಿ ಒಬ್ಬರು ಓಬೇನಹಳ್ಳಿಯವರು, ಇನ್ನೊಬ್ಬರು ಸಿದ್ದನೂರಿನವರು. ಹೆದ್ದಾರಿಯ ಪಕ್ಕ ಸಮಾಧಿ ಇದೆ. ಪ್ರತಿ ಸೆಪ್ಟೆಂಬರ್ 13ಕ್ಕೆ ಹಾರ ಹಾಕುತ್ತೇವೆ. ಹಾರ ಹಾಕುವುದಕ್ಕೂ ಈಗ ಒಂದು ಬಣ ಬೆಳಿಗ್ಗೆ ಬರುತ್ತದೆ, ಇನ್ನೊಂದು ಬಣ ಮೊದಲನೆಯವರು ಹೋದ ಮೇಲೆ ಬರುತ್ತದೆ. ಎರಡೂ ಕಡೆಯ ಟವೆಲಿನ ಬಣ್ಣ ಒಂದೇ. ಹೋದ ಸಲ ಎರಡನೆಯ ಬಣದವರು ಬಂದಾಗ ಮೊದಲನೆಯವರ ಹಾರದ ಮೇಲೆಯೇ ತಮ್ಮದನ್ನು ಹಾಕಬೇಕೋ, ಅದನ್ನು ತೆಗೆದು ಹಾಕಬೇಕೋ ಎಂದು ಐದು ನಿಮಿಷ ಚರ್ಚೆ ನಡೆಯಿತು. ನಾನು ಹೂವಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದೆ.

ಕೂದಲು ಸೀಳಬೇಡಿ ಎಂದು ಮೇಲೆ ಬರೆದವನು ನಾನೇ. ಬುಟ್ಟಿ ಹಿಡಿದು ನಿಂತವನೂ ನಾನೇ.

ಮಿಲ್ ಕಾಲೋನಿ:
ಸಂಘ ಒಡೆದದ್ದು ಯಾವಾಗ, ಯಾಕೆ? ಬಲ್ಲವರು ಹೇಳಿ.

ನಿವೃತ್ತ ಮೇಷ್ಟ್ರು:
ಒಂದೇ ಸಲ ಒಡೆಯಲಿಲ್ಲ, ಸವೆಯುತ್ತ ಹೋಯಿತು. ಮೊದಲ ಪ್ರಶ್ನೆ ಚುನಾವಣೆಗೆ ನಿಲ್ಲಬೇಕೇ ಬೇಡವೇ ಎಂಬುದು. 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಎರಡು ಕಡೆ ನಿಂತು ಎರಡೂ ಕಡೆ ಗೆದ್ದರು, ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ. ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಲ್ಲಿ ನಂಜುಂಡಸ್ವಾಮಿಯವರು ಗೆದ್ದು ವಿಧಾನಸಭೆಗೆ ಹೋದರು. ಅದೇ ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು.

ಎರಡನೆಯದು ಡಂಕೆಲ್ ಪ್ರಸ್ತಾವ, ಅಂದರೆ ಜಿನೀವಾದಲ್ಲಿ ಸಿದ್ಧವಾದ ವಿಶ್ವ ವ್ಯಾಪಾರ ಒಪ್ಪಂದದ ಕರಡು. ಮಹಾರಾಷ್ಟ್ರದ ಶರದ್ ಜೋಶಿಯವರು ಮುಕ್ತ ಮಾರುಕಟ್ಟೆ ಬಂದರೆ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದರು. ನಂಜುಂಡಸ್ವಾಮಿಯವರು ಬೀಜವೇ ಕೈ ತಪ್ಪುತ್ತದೆ ಎಂದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾರ್ಗಿಲ್ ಎಂಬ ವಿದೇಶಿ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದ ಪತ್ರ ಹೊರಗೆಸೆದದ್ದು ಆ ವಾದದ ಮುಂದುವರಿಕೆ. 1996ರಲ್ಲಿ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದರು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಮ್ಮ ಕಡೆಯ ಸದಸ್ಯರು ಮಾತ್ರ ‘ನಮ್ಮ ಸೊಸೈಟಿ ಸಾಲದ ಕತೆ ಏನಾಯಿತು?’ ಎಂದು ಕೇಳುತ್ತಿದ್ದರು. ನಾಯಕರ ದೃಷ್ಟಿ ಜಿನೀವಾದ ಮೇಲೆ, ರೈತನ ದೃಷ್ಟಿ ಜಪ್ತಿ ನೋಟಿಸಿನ ಮೇಲೆ. ನನ್ನ ಪ್ರಕಾರ ಇಬ್ಬರೂ ಸರಿ, ಅದೇ ಕಷ್ಟ.

ಚಳ್ಳಕೆರೆ ಶೇಂಗಾ:
ಹಳೆಯದನ್ನೇ ಎಷ್ಟು ಅಗೆಯುತ್ತೀರಿ? ನಮ್ಮ ಅಮೃತಮಹಲ್ ಕಾವಲಿನದ್ದೂ ಇದೇ ಕತೆ. ಉಳ್ಳಾರ್ತಿ, ಖುದಾಪುರ ಕಡೆ ಸಾವಿರಾರು ಎಕರೆ ಹುಲ್ಲುಗಾವಲನ್ನು ರಕ್ಷಣಾ ಸಂಶೋಧನೆ, ಅಣು ಸಂಶೋಧನೆ, ಇಸ್ರೋ, ವಿಜ್ಞಾನ ಸಂಸ್ಥೆ ಎಂದು ಹಂಚಿ ಬೇಲಿ ಹಾಕಿದರು. ಕುರಿ ಮೇಯಿಸುವವರು ಬೀದಿಗಿಳಿದರು. ಊರಲ್ಲೇ ಓದಿದ ಹುಡುಗರು ‘ಕೆಲಸ ಸಿಗುತ್ತದೆ, ಬರಲಿ ಬಿಡಿ’ ಎಂದರು. ಜಮೀನು ಇದ್ದವರು ರಸ್ತೆ ಬಂದು ಹೊಲದ ಬೆಲೆ ಏರುತ್ತದೆ ಎಂದು ಸುಮ್ಮನಿದ್ದರು. ಒಂದೇ ಮನೆಯಲ್ಲಿ ಅಪ್ಪ ಧರಣಿಯಲ್ಲಿ, ಮಗ ಬೇಲಿ ಕಾಯುವ ಗುತ್ತಿಗೆ ಕೆಲಸದಲ್ಲಿ. ಮಧ್ಯಾಹ್ನ ಮಗನಿಗೂ ಅಪ್ಪನಿಗೂ ಬುತ್ತಿ ಒಂದೇ ಮನೆಯಿಂದ ಹೋಗುತ್ತಿತ್ತು.

ಭದ್ರಾ ಕೊನೆಭಾಗ:
ಹೊಸದು ಬೇಕೆಂದರೆ 2025ರ ಜೂನ್ ತಗೊಳ್ಳಿ. ಭದ್ರಾ ಬಲದಂಡೆ ನಾಲೆ ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುತ್ತೇವೆ ಎಂದರು. ನಾವು ದಾವಣಗೆರೆ ಬಂದ್ ಮಾಡಿದೆವು. ನಮ್ಮ ಗದ್ದೆಗೆ ಇವತ್ತಿಗೂ ನೀರು ತಲುಪುವುದು ಹಬ್ಬಕ್ಕೆ ನೆಂಟರು ಬಂದ ಹಾಗೆ, ವರ್ಷಕ್ಕೊಂದೆರಡು ಸಲ. ಮೇಲ್ಗಡೆಯೇ ನಾಲೆ ಸೀಳಿದರೆ ನಮ್ಮ ಗತಿ ಏನು?

ಹೊಸದುರ್ಗ ತೆಂಗು:
ಕುಡಿಯುವ ನೀರು ಸ್ವಾಮಿ, ಕುಡಿಯುವ ನೀರು. ನಮ್ಮಲ್ಲಿ ಬೋರು ಸಾವಿರ ಅಡಿ ಇಳಿದರೂ ಧೂಳು ಬರುತ್ತದೆ, ಬಂದರೆ ಫ್ಲೋರೈಡ್. ನೀವು ಭತ್ತಕ್ಕೆ ನಿಲ್ಲಿಸುವ ನೀರಿನಲ್ಲಿ ನಮ್ಮ ತಾಲ್ಲೂಕು ವರ್ಷ ಬದುಕುತ್ತದೆ. ನಿಮ್ಮ ಬಂದ್ ಸರ್ಕಾರದ ವಿರುದ್ಧವೋ ನಮ್ಮ ವಿರುದ್ಧವೋ?

ಭದ್ರಾ ಕೊನೆಭಾಗ:
ಕುಡಿಯುವ ನೀರಿಗೆ ಬೇಡ ಎಂದು ನಾವು ಹೇಳಿಲ್ಲ. ನಾಲೆ ಸೀಳಬೇಡಿ, ಅಣೆಕಟ್ಟಿನ ಹಿನ್ನೀರಿನಿಂದ ಎತ್ತಿ ಎಂದೆವು.

ಹೊಸದುರ್ಗ ತೆಂಗು:
ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದರು. ಆ ಹಣಕ್ಕಾಗಿ ದುರ್ಗದಲ್ಲಿ ಧರಣಿ ಕೂತಾಗ ನಿಮ್ಮಲ್ಲಿ ಎಷ್ಟು ಜನ ಬಂದಿರಿ? ಅಲ್ಲಿಯೂ ಬಂದವರಲ್ಲಿ ಅರ್ಧ ಜನ ದೆಹಲಿಯನ್ನು ಬೈಯಿರಿ ಎಂದರು, ಅರ್ಧ ಜನ ಬೆಂಗಳೂರನ್ನು ಬೈಯಿರಿ ಎಂದರು. ಕೊನೆಗೆ ಮನವಿ ಪತ್ರದ ಒಕ್ಕಣೆ ಬರೆಯುವುದರಲ್ಲೇ ಸಂಜೆಯಾಯಿತು.

ಬೆಣ್ಣೆ ಖಾಲಿ:
ಫೋಟೊದಿಂದ ಶುರುವಾಗಿ ನಾಲೆಗೆ ಬಿದ್ದೆವು. ಯಾರಾದರೂ ಮೇಲೆತ್ತಿ.

ದಲಾಲಿ ಅಂಗಡಿ:
ಎಲ್ಲ ಪಕ್ಷದವರೂ ಒಂದೇ. ಯಡಿಯೂರಪ್ಪನವರು 2008ರ ಮೇ 30ರಂದು ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು. ಇಬ್ಬರು ಹೋದರು. ಸರಿಯಾಗಿ ಹನ್ನೊಂದು ದಿನ.

ಓನಕೆ ಕಿಂಡಿ:
ಇದಕ್ಕೆ ಮಾತ್ರ ನಿಮ್ಮ ಜೊತೆ ಜಗಳವಿಲ್ಲ.

ಪಿಜೆ ಬಡಾವಣೆ:
ನಾನು ಈಗಿನ ಕಾಲೇಜು ಹುಡುಗ, ತಪ್ಪಾದರೆ ತಿದ್ದಿ. ದೆಹಲಿ ಗಡಿಯಲ್ಲಿ 2020ರ ನವೆಂಬರಿನಿಂದ ರೈತರು ಒಂದು ವರ್ಷ ಕೂತರಲ್ಲ, ಅಲ್ಲಿಯೂ ಪಂಜಾಬಿನ ಹತ್ತಾರು ಸಂಘಟನೆಗಳಿದ್ದವು, ಒಂದಕ್ಕೊಂದು ಆಗದವು. ಮೂರು ಕೃಷಿ ಕಾಯ್ದೆ ವಾಪಸ್ಸಾಗಲಿ ಎಂಬ ಒಂದೇ ಮಾತಿಗೆ ಅಂಟಿಕೊಂಡರು, ಗೆದ್ದರು. ಗೆದ್ದ ಮೇಲೆ ಕೆಲವರು ಪಕ್ಷ ಕಟ್ಟಿ 2022ರ ಪಂಜಾಬ್ ಚುನಾವಣೆಗೆ ನಿಂತರು, ಒಂದು ಸೀಟೂ ಬರಲಿಲ್ಲ. ಆದ್ದರಿಂದ ಒಡಕು ಇದ್ದರೆ ತಪ್ಪಿಲ್ಲ, ಬೇಡಿಕೆ ಒಂದೇ ಇದ್ದರೆ ಸಾಕು ಎಂದು ನನಗನ್ನಿಸುತ್ತದೆ.

ತುಂಗೆಯ ದಡ:
ತಮ್ಮ, ಆ ಒಂದು ಬೇಡಿಕೆ ಯಾವುದಿರಬೇಕೆಂದು ಆರಿಸುವವರು ಯಾರು ಎಂಬುದೇ ನಾನು ಮೇಲಿನಿಂದ ಕೇಳುತ್ತಿರುವುದು.

ಪಿಜೆ ಬಡಾವಣೆ:
ಅಕ್ಕ, ಇದಕ್ಕೆ ನನ್ನ ಬಳಿ ಉತ್ತರ ಸಿದ್ಧವಿಲ್ಲ.

ತೊಗರಿ ಹೊಲ:
ಎರಡು ದಿನ ಬರಲಾಗಲಿಲ್ಲ, ಕ್ಷಮಿಸಿ. ಮೇಷ್ಟ್ರು ಹೇಳಿದಂತೆ ಅಜ್ಜಿಯನ್ನೇ ಕೂರಿಸಿಕೊಂಡು ಕೇಳಿದೆ. ಶೇಂಗಾ ಬಿಡಿಸುತ್ತ ಹೇಳಿದರು, ನಡುವೆ ಕೈ ನಿಲ್ಲಿಸಲಿಲ್ಲ.

ಬಾವಿ ತೋಡಿಸಲು ಅಜ್ಜ ಸಾಲ ಎತ್ತಿದ್ದರಂತೆ. ಬಾವಿಗೆ ಬಂಡೆ ಅಡ್ಡ ಬಂತು, ನೀರು ಬರಲಿಲ್ಲ, ಬಡ್ಡಿ ಬಂತು. ವಸೂಲಿಗೆ ಬಂದವರು ಮನೆಯೊಳಗೆ ಸುತ್ತಾಡಿ ಏನೂ ಸಿಗದೆ ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ಎತ್ತಿಕೊಂಡು ಹೋದರು. ಅಜ್ಜಿಯ ತವರಿನ ಹಂಡೆ. ಆಗ ನಮ್ಮ ದೊಡ್ಡಪ್ಪ ಹುಟ್ಟಿ ಒಂಬತ್ತನೆಯ ದಿನ. ಒಲೆಯ ಮೇಲೆ ನೀರು ಕಾದಿತ್ತು. ಆ ಬಿಸಿನೀರನ್ನು ಬಚ್ಚಲಿಗೆ ಸುರಿದು, ಹಂಡೆ ಆರುವ ತನಕ ಕಟ್ಟೆಯ ಮೇಲೆ ಕೂತು ಬೀಡಿ ಸೇದಿ, ಆಮೇಲೆ ಎತ್ತಿಕೊಂಡು ಹೋದರಂತೆ. ಅಜ್ಜಿಗೆ ಹಂಡೆಗಿಂತ ಆ ಬೀಡಿಯ ಸಿಟ್ಟೇ ಹೆಚ್ಚು, ಇವತ್ತಿಗೂ.

‘ನರಗುಂದ ಎಲ್ಲಿದೆ ಎಂದು ನಿಮ್ಮಜ್ಜನಿಗೆ ಗೊತ್ತಿರಲಿಲ್ಲ. ಅಲ್ಲಿಯವರು ಕಚೇರಿಗೆ ನುಗ್ಗಿದರು ಎಂದು ರೇಡಿಯೊದಲ್ಲಿ ಕೇಳಿ ಎದ್ದು ಹೋದರು’ ಎಂದರು. ಲೆವಿ ಎಂದರೆ ಏನು ಎಂದು ಕೇಳಿದೆ. ‘ಅದೇನೋ ನೀರಿನವರದ್ದು’ ಎಂದರು.

ತುಂಗೆಯ ದಡದ ಅಕ್ಕ, ನಿಮ್ಮ ಪ್ರಶ್ನೆಯನ್ನೂ ಕೇಳಿದೆ. ಗೌಡರ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಹೆಸರಿದೆ, ಅಜ್ಜಿಗೆ ನೆನಪಿದೆ. ಅವರ ಮೊಮ್ಮಕ್ಕಳು ಈಗ ಊರಲ್ಲಿಲ್ಲ, ಕೇಳದೆ ಇಲ್ಲಿ ಹಾಕುವುದು ಸರಿಯಲ್ಲ. ಅವರು ಹೋದದ್ದು ಟ್ರಾಕ್ಟರ್ ಓಡಿಸಲು ಅವರಿಗಷ್ಟೇ ಬರುತ್ತಿತ್ತು ಎಂಬ ಕಾರಣಕ್ಕೆ. ಫೋಟೊ ತೆಗೆಯುವಾಗ ಮಾತ್ರ ಮೇಲೆ ಹತ್ತಿಸಿದ್ದು.

ತುಂಗೆಯ ದಡ:
ಡ್ರೈವರ್. ಸರಿ, ಕಸುಬಿನ ಹೆಸರಾದರೂ ಸಿಕ್ಕಿತು. ಅಜ್ಜಿಗೆ ನನ್ನ ನಮಸ್ಕಾರ ಹೇಳು ತಮ್ಮ.

ಕೋಟೆ ಕಲ್ಲು:
ಹಂಡೆ ಏನಾಯಿತು?

ತೊಗರಿ ಹೊಲ:
ಎರಡು ವರ್ಷದ ನಂತರ ರೈತ ಸಂಘದವರು ಮರುಜಪ್ತಿ ಮಾಡಿ, ಅಂದರೆ ಜಪ್ತಿಯಾದದ್ದನ್ನು ತಿರುಗಿ ಎತ್ತಿಕೊಂಡು, ಎತ್ತಿನ ಗಾಡಿಯಲ್ಲಿಟ್ಟು ಹಲಗೆ ಬಾರಿಸುತ್ತ ತಂದು ಕೊಟ್ಟರಂತೆ. ಹಸಿರು ಟವೆಲ್ ಅಜ್ಜನ ಹೆಗಲಿಗೆ ಬಂದದ್ದು ಆ ದಿನ. ಹಂಡೆಯ ಕಂಠ ಒಂದು ಕಡೆ ನೆಗ್ಗಿತ್ತು. ಈಗಲೂ ಹಿತ್ತಲಿನಲ್ಲಿದೆ, ಎಮ್ಮೆಗೆ ನೀರು ಇಡುತ್ತೇವೆ.

ಆನಗೋಡಿನವ:
ಹಂಡೆಯ ಫೋಟೊ ಹಾಕಿ. ಬಣ್ಣದ್ದು.

ನಿವೃತ್ತ ಮೇಷ್ಟ್ರು:
ಮರುಜಪ್ತಿಯ ದಿನ ಹಲಗೆ ಬಾರಿಸಿದವರು ಯಾರು ಎಂದೂ ಅಜ್ಜಿಯನ್ನು ಕೇಳು. ಉಳಿದ ನಾಲ್ಕು ಜನ ಗುರುತು ಸಿಗಲೇ ಇಲ್ಲವೇ?

ತೊಗರಿ ಹೊಲ:
ಕೇಳುತ್ತೇನೆ ಮೇಷ್ಟ್ರೇ. ಉಳಿದವರು ಸಿಕ್ಕಿಲ್ಲ. ಒಬ್ಬರ ಮುಖ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದೆ. ಹಿಂಬದಿಯಲ್ಲಿ ಮಂಡಿಪೇಟೆಯ ಒಂದು ಸ್ಟುಡಿಯೋದ ಮೊಹರು ಇದೆ, ಹೆಸರು ಅಳಿಸಿದೆ.

ದಲಾಲಿ ಅಂಗಡಿ:
ಮೊಹರಿನಲ್ಲಿ ನವಿಲಿನ ಚಿತ್ರ ಇದೆಯೇ? ಇದ್ದರೆ ಅದು ನಮ್ಮ ಅಂಗಡಿಯ ಎದುರಿಗಿದ್ದ ಸ್ಟುಡಿಯೋ. ಈಗ ಅಲ್ಲಿ ಮೊಬೈಲ್ ರಿಪೇರಿ. ಹಳೆಯ ನೆಗೆಟಿವ್‌ಗಳನ್ನು ಅವರ ಮಗ ಬಿಸ್ಕತ್ ಡಬ್ಬಗಳಲ್ಲಿ ಇಟ್ಟಿದ್ದಾನೆ, ನಾನೇ ನೋಡಿದ್ದೇನೆ.

ತೊಗರಿ ಹೊಲ:
ಇದೆ! ನವಿಲೇ!

ದಲಾಲಿ ಅಂಗಡಿ:
ಸೋಮವಾರ ಬೇಡ, ಸಂತೆ ಗದ್ದಲ. ಬುಧವಾರ ಹನ್ನೊಂದರ ಮೇಲೆ ಬನ್ನಿ. ಅಂಚಿನವರನ್ನು ಹುಡುಕೋಣ.